ರಥ ನೋಡದವಳು

ರಥದ ದಿನ ಪುರಿಯ ಬಡದಾಂಡದಲ್ಲಿ, ಅಂದರೆ ಆ ದೊಡ್ಡ ಬೀದಿಯಲ್ಲಿ, ಬಾಗಿಲು ಹಾಕುವ ಮನೆ ಇರುವುದಿಲ್ಲ. ನೆಂಟರು, ನೆಂಟರ ನೆಂಟರು, ಗುರುತೇ ಇಲ್ಲದವರು ಎಲ್ಲ ಸೇರಿ ಜಗಲಿಯಿಂದ ಮಹಡಿಯವರೆಗೆ ತುಂಬಿಕೊಂಡು, ಮನೆಯವರಿಗೇ ಕಾಲಿಡಲು ಜಾಗ ಉಳಿಯುವುದಿಲ್ಲ. ಬೀದಿಯ ನಡುವೆ ಬಲಗಂಡಿ ಎಂಬಲ್ಲಿನ ಒಂದು ಮನೆ ಮಾತ್ರ ಬೆಳಗಿನಿಂದಲೇ ಚಿಲಕ ಹಾಕಿಕೊಂಡು ಕೂತಿರುತ್ತಿತ್ತು. ಅದು ಬಂಶೀಧರ ಮಹಾರಣನ ಮನೆ. ಜಗನ್ನಾಥನ ರಥಕ್ಕೆ ಗಾಲಿ ಮಾಡುವ ಬಡಗಿಯ ಮನೆಯೇ ರಥಕ್ಕೆ ಬಾಗಿಲು ಹಾಕಿದರೆ ಬೀದಿಯವರು ಬಿಡುತ್ತಾರೆಯೇ? ಹನ್ನೊಂದು ವರ್ಷದಿಂದ ಆಡಿಕೊಳ್ಳುತ್ತಲೇ ಇದ್ದರು.

ಬಾಗಿಲು ಹಾಕುತ್ತಿದ್ದವಳು ಬಂಶೀಧರನ ಹೆಂಡತಿ ಸೆಬತಿ.

ಈ ವರ್ಷವೂ ಬೆಳಿಗ್ಗೆ ಉಳಿ, ಕೊಡತಿಗಳ ಚೀಲ ಹೆಗಲಿಗೆ ಹಾಕಿಕೊಂಡು ಹೊಸಿಲು ದಾಟುವಾಗ ಅವನು ಕೇಳಿದ. ರಥ ಬೀದಿಯ ಕೊನೆಯ ಗುಂಡಿಚಾ ಗುಡಿ ಮುಟ್ಟುವವರೆಗೂ ಬಡಗಿಗಳು ಅದರ ಜೊತೆಯಲ್ಲೇ ನಡೆಯಬೇಕು. ಎಲ್ಲಿ ಯಾವ ಕೀಲು ಸಡಿಲವಾಗುತ್ತದೆ ಎಂದು ಹೇಳಲಾಗುವುದಿಲ್ಲ.

"ಝುನಿ ಬೋವು, ಈ ಸಲನಾದ್ರೂ ಮಹಡಿ ಹತ್ತಿ ನೋಡೇ."

"ನಿಮ್ಮ ಗಾಲಿ ತಾನೆ? ಅಕ್ಷಯ ತದಿಗೆಯಿಂದ ದಿನಾ ನೋಡಿದೀನಿ, ಸಾಕು."

"ಗಾಲಿ ಅಲ್ಲ, ಮೇಲೆ ಕೂತಿರೋನ್ನ ನೋಡು ಅಂದೆ."

"ಅವನು ಗುಡೀಲಿರುವಾಗ ನೋಡ್ತೀನಲ್ಲ. ರಥ ಹತ್ತಿದ ಅಂದ್ರೆ ನನಗೂ ಅವನಿಗೂ ಮಾತಿಲ್ಲ. ಸಿಹಿ ಪೀಠಾ ಮಾಡಿಟ್ಟಿದೀನಿ, ರಥ ಬಲಗಂಡಿಗೆ ಬಂದಾಗ ಹಿತ್ತಿಲ ಕಡೆಯಿಂದ ಬಂದು ತಗೊಂಡು ಹೋಗಿ ಅವನಿಗೆ ಕೊಡಿ. ಹಸ್ಕೊಂಡಿರ್ತಾನೆ."

"ಮಾತಿಲ್ಲ ಅಂತೀಯ, ತಿಂಡಿ ಮಾತ್ರ ಕಳಿಸ್ತೀಯ."

"ಜಗಳ ಆಡಿದೋರಿಗೆ ಊಟ ಹಾಕಬಾರದು ಅಂತ ಎಲ್ಲಿದೆ ಝುನಿ ಬಾಪಾ? ನಿಮಗೆ ಹಾಕ್ತಾ ಇಲ್ವ?"

ಬೋವು ಅಂದರೆ ಅವ್ವ, ಬಾಪಾ ಅಂದರೆ ಅಪ್ಪ. ಆ ಕಡೆ ಗಂಡ ಹೆಂಡತಿ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವುದಿಲ್ಲ, ಮಗುವಿನ ಹೆಸರು ಸೇರಿಸಿ ಕರೆಯುತ್ತಾರೆ. ಮಗು ಹೋಗಿಬಿಟ್ಟರೆ ಏನೆಂದು ಕರೆಯಬೇಕು ಎಂಬುದನ್ನು ಮಾತ್ರ ಯಾರೂ ಹೇಳಿಕೊಟ್ಟಿಲ್ಲ. ಝುನಿ ಸತ್ತು ಹನ್ನೊಂದು ವರ್ಷವಾಗಿತ್ತು. ಇವರು ದಿನಕ್ಕೆ ಇಪ್ಪತ್ತು ಸಲ ಅವಳ ಹೆಸರನ್ನೇ ಕೂಗಿಕೊಂಡು ಒಲೆ ಹಚ್ಚುತ್ತಿದ್ದರು, ಊಟಕ್ಕೆ ಕೂರುತ್ತಿದ್ದರು, ಜಗಳವಾಡುತ್ತಿದ್ದರು.

ಆ ಹುಡುಗಿ ರಥ ನೋಡಲೆಂದೇ ಪುರಿಗೆ ಬಂದವಳು. ಅದಕ್ಕೂ ಮುಂಚೆ ತಾಯಿ ಮಗಳು ರಥವನ್ನೇ ಕಾಣದೆ ದೂರದ ಹಳ್ಳಿಯಲ್ಲಿದ್ದರು, ಬಂಶೀಧರನೊಬ್ಬ ಪ್ರತಿ ವರ್ಷ ಪುರಿಯ ಚಿಕ್ಕಪ್ಪನ ಕೈಕೆಳಗೆ ರಥದ ಕೆಲಸಕ್ಕೆ ಬಂದು ಹೋಗುತ್ತಿದ್ದ. ಆ ಚಿಕ್ಕಪ್ಪ ಮಕ್ಕಳಿಲ್ಲದೆ ತೀರಿಕೊಂಡು, ಅವನ ಗಾಲಿಯ ಸೇವೆಯೂ ಬೀದಿಯ ಮೇಲಿನ ಮನೆಯೂ ಇವನಿಗೆ ಬಂದ ವರ್ಷ, ವೈಶಾಖದಲ್ಲಿ, ಮೂವರೂ ಗಂಟು ಮೂಟೆ ಹೊತ್ತು ಬಂದರು. ಝುನಿಗೆ ಏಳು ವರ್ಷ. ದಿನವೂ ರಥ ಕಟ್ಟುವಲ್ಲಿಗೆ ಹೋಗಿ ಮರದ ಸಿಬಿರು ಆರಿಸಿಕೊಂಡು ಬರುತ್ತಿದ್ದಳು. ಬಂದವಳು ಎರಡೂ ಅಂಗೈಯಿಂದ ದಬದಬ ಬಾಗಿಲು ಬಡಿಯುತ್ತಿದ್ದಳು. ಒಂದು ಕ್ಷಣ ತಡವಾದರೆ ಬೀದಿಗೆಲ್ಲ ಕೇಳುವಂತೆ ಅರಚುತ್ತಿದ್ದಳು.

ಸ್ನಾನದ ಹುಣ್ಣಿಮೆಯಾಯಿತು. ಅಂದು ನೂರೆಂಟು ಕೊಡ ನೀರು ಹೊಯ್ಯಿಸಿಕೊಂಡು ಜಗನ್ನಾಥನಿಗೆ ಜ್ವರ ಬರುತ್ತದೆ. ಹದಿನೈದು ದಿನ ಗುಡಿಯ ಬಾಗಿಲು ಮುಚ್ಚಿ ಅವನಿಗೆ ಬೇರು ನಾರಿನ ಔಷಧಿ ಮಾಡುತ್ತಾರೆ. ಅದೇ ವಾರ ಝುನಿಗೂ ಜ್ವರ ಬಂತು. ಹುಡುಗಿಗೆ ಅದೊಂದು ಹೆಮ್ಮೆ. "ಬೋವು, ಅವನಿಗೂ ಜ್ವರ, ನಂಗೂ ಜ್ವರ. ರಥದ ದಿನ ಇಬ್ರೂ ಏಳ್ತೀವಿ," ಅನ್ನುತ್ತಿದ್ದಳು. ಎಂಟನೆಯ ದಿನ ಮಾತು ಬದಲಾಯಿತು. ಮಕ್ಕಳಿಗೆ ಹೇಗೆ ಗೊತ್ತಾಗುತ್ತದೋ ಏನೋ.

"ನಾನು ಹೋದ್ರೆ ಮತ್ತೆ ನಿನ್ನ ಹತ್ರಾನೇ ಬರ್ತೀನಾ?"

"ನನ್ನ ಹತ್ರಾನೇ. ಇನ್ನೆಲ್ಲಿಗೆ?"

"ಮುಂದಿನ ಜನ್ಮದಲ್ಲೂ ನೀನೇ ಇರ್ತೀಯಲ್ಲ? ನಾನು ಬಂದು ಬಾಗಿಲು ತಟ್ಟಿದ್ರೆ ನೀನೇ ತೆಗೀಬೇಕು. ಬೇರೆ ಯಾರೋ ತೆಗೀಬಾರದು. ಕಾಯಿಸಬಾರದು."

"ನಾನೇ ತೆಗೀತೀನಿ ಕಣೇ. ಮೊದಲನೇ ತಟ್ಟಿಗೇ."

ಜಗನ್ನಾಥ ಎದ್ದ. ಝುನಿ ಏಳಲಿಲ್ಲ.

ಆ ವರ್ಷ ರಥ ಬಂದಾಗ ಸೆಬತಿ ಗೋಡೆಗೊರಗಿ ಜಗಲಿಯಲ್ಲಿ ಕೂತಿದ್ದಳು. ಪಕ್ಕದ ಮನೆಯ ನಿಶಾಮಣಿ, ಬಾಯಿ ಜೋರಾದರೂ ಮನಸ್ಸು ಮೆತ್ತಗಿನ ಹೆಂಗಸು, ಅವಳ ಗಲ್ಲ ಹಿಡಿದೆತ್ತಿ, "ನೋಡು ಸೆಬತಿ, ಬಂದ! ರಥದ ಮೇಲಿರೋ ಅವನ್ನ ಒಂದು ಸಲ ನೋಡಿದ್ರೆ ಸಾಕು, ಮತ್ತೆ ಹುಟ್ಟೋ ಹಾಗೇ ಇಲ್ಲ. ಎಲ್ಲ ದುಃಖಾನೂ ಮುಗೀತು," ಅಂದಳು. ಒಳ್ಳೆಯದಕ್ಕೇ ಅಂದದ್ದು. ಸೆಬತಿ ಎರಡು ಕೈಯಿಂದ ಮುಖ ಮುಚ್ಚಿಕೊಂಡು ಒಳಗೆ ಓಡಿ ಚಿಲಕ ಹಾಕಿದಳು. ಮತ್ತೆ ಹುಟ್ಟದೆ ಹೋದರೆ ಝುನಿಗೆ ಬಾಗಿಲು ತೆಗೆಯುವವರು ಯಾರು?

ಲೋಕವೆಲ್ಲ ಯಾವುದಕ್ಕಾಗಿ ರೈಲು, ಬಸ್ಸು ಹಿಡಿದು ಬೆವರು ಸುರಿಸಿಕೊಂಡು ಬರುತ್ತದೋ ಅದನ್ನೇ ಇವಳು ಬೇಡವೆಂದು ಬಾಗಿಲು ಹಾಕಿದಳು. ಆಮೇಲೆ ಪಂಡಿತರೊಬ್ಬರ ಹತ್ತಿರ ಹೋಗಿ ವಕೀಲರ ಹತ್ತಿರ ಕೇಳುವ ಹಾಗೆ ಕೇಳಿಕೊಂಡೂ ಬಂದಳು. ಗುಡಿಯೊಳಗೆ ನೋಡಿದರೆ? ಅದಕ್ಕೆ ಪುಣ್ಯ ಬೇರೆ, ಅಡ್ಡಿಯಿಲ್ಲ. ಖಾಲಿ ರಥ ನೋಡಿದರೆ? ಅದು ಮರ. ಬರೀ ಸದ್ದು ಕೇಳಿಸಿಕೊಂಡರೆ? ಶಾಸ್ತ್ರದಲ್ಲಿ ನೋಡಿದರೆ ಎಂದಿದೆ, ಕೇಳಿದರೆ ಎಂದಿಲ್ಲ. ಪಂಡಿತರು ಕೊನೆಗೆ ಕನ್ನಡಕ ತೆಗೆದು, "ನಿನಗೆ ಮುಕ್ತಿ ಬೇಡವೇನಮ್ಮ?" ಎಂದು ಕೇಳಿದರು. "ಮಗಳು ಬೇಕು ಸ್ವಾಮಿ," ಅಂದಳು ಸೆಬತಿ. ಅವರು ಕನ್ನಡಕ ಒರೆಸಿಕೊಂಡು ಕೂತರು.

ರಥ ಹೋಗುವ ದಿನವೊಂದು, ತಿರುಗಿ ಬರುವ ದಿನವೊಂದು, ವರ್ಷಕ್ಕೆ ಎರಡು ದಿನ ಅವಳದು ಸೆರೆವಾಸ. ಆ ದಿನಗಳಲ್ಲಿ ತವರಿಗೆ ಹೋಗು ಎಂದರೆ, "ಅವನಿಗೆ ಹೆದರಿ ಊರು ಬಿಡೋಳಲ್ಲ ನಾನು," ಅನ್ನುವಳು.

ಈ ಸಲ ಬಿಸಿಲು ವಿಪರೀತ. ಸೆಬತಿ ಕಿಟಕಿಗಳಿಗೆಲ್ಲ ಗೋಣಿ ಹೊದಿಸಿ, ನಡುಮನೆಯ ಮೂಲೆಯಲ್ಲಿ ಕೂತು, ಕಣ್ಣಿಗೆ ಹಳೆಯ ಸೀರೆಯ ಅಂಚನ್ನು ಬಿಗಿದುಕೊಂಡಿದ್ದಳು. ಪಕ್ಕದಲ್ಲಿ ರೇಡಿಯೊ ಇತ್ತು. ವಿವರಣೆ ಹೇಳುವಾತ ಹೇಳುತ್ತಲೇ ಇದ್ದ. ಅಣ್ಣ ಬಲಭದ್ರನ ರಥ ದಾಟಿತು, ತಂಗಿ ಸುಭದ್ರೆಯ ರಥ ದಾಟಿತು. ಎರಡೂ ಸಲ ನೆಲ ನಡುಗಿತು. ಇನ್ನು ಕಪ್ಪು ಮುಖದವನದು, ಊರವರು ಸಲಿಗೆಯಿಂದ ಕಾಳಿಯಾ ಎಂದು ಕರೆಯುವವನದೊಂದು, ನಂದಿಘೋಷ, ಹದಿನಾರು ಗಾಲಿಯದು. ಯಾವಾಗಲೂ ಅವನೇ ಕೊನೆ. ಅವನು ದಾಟಿದನೆಂದರೆ ಇವತ್ತಿನದು ಮುಗಿಯಿತು.

"ನಂದಿಘೋಷ ಬಲಗಂಡಿಯನ್ನು ಸಮೀಪಿಸುತ್ತಿದೆ," ಎಂದಿತು ರೇಡಿಯೊ. ಹೊರಗೆ ಹೆಂಗಸರು ನಾಲಿಗೆ ಹೊರಳಿಸಿ ಹಾಕುವ ಮಂಗಳದ ಕೂಗು ಹುಲಹುಲಿ, ಗಂಟೆ, ಶಂಖ. ಸೆಬತಿ ಬಟ್ಟೆಯ ಗಂಟನ್ನು ಇನ್ನೊಮ್ಮೆ ಎಳೆದು ಬಿಗಿ ಮಾಡಿಕೊಂಡಳು.

ಆಗ ಬಾಗಿಲು ಬಡಿದ ಸದ್ದಾಯಿತು.

"ಸೆಬತಿ! ಬಾಗಿಲು ತೆಗಿಯೇ! ರಥ ಪಕ್ಕಕ್ಕೆ ಎಳೀತಾ ಇದೆ, ನಮ್ಮ ಕಡೆಗೇ ಬರ್ತಾ ಇದೆ!" ನಿಶಾಮಣಿಯ ಗಂಟಲು.

ಸೆಬತಿಗೆ ನಗು ಬಂತು. ನಿಶಾಮಣಿಗೆ ಇದು ಹೊಸದಲ್ಲ. ಒಂದು ವರ್ಷ ಮಹಡಿಗೆ ಬೆಂಕಿ ಬಿದ್ದಿದೆ ಎಂದಿದ್ದಳು. ಇನ್ನೊಂದು ವರ್ಷ ನಿನ್ನ ಗಂಡನ ಕಾಲ ಮೇಲೆ ಗಾಲಿ ಹೋಯಿತು ಎಂದಿದ್ದಳು. ಆ ಸಲ ಸೆಬತಿ ಬಾಗಿಲವರೆಗೂ ಓಡಿ, ಸಂದಿಯಿಂದ ನಿಶಾಮಣಿಯ ಮೊಮ್ಮಕ್ಕಳು ಕಿಸಿಕಿಸಿ ನಗುವುದು ಕೇಳಿ ಉಳಿದುಕೊಂಡಿದ್ದಳು. ಅಂದೇ ತೀರ್ಮಾನಿಸಿದ್ದಳು, ರಥದ ದಿನ ಯಾರು ಏನು ಕೂಗಿದರೂ ನಂಬುವುದಿಲ್ಲವೆಂದು.

"ಹೋಗಿ ಅಕ್ಕಾ," ಎಂದು ಕೂತಲ್ಲಿಂದಲೇ ಕೂಗಿದಳು. "ವರ್ಷಕ್ಕೊಂದು ಕತೆ ಕಟ್ತೀರಲ್ಲ, ನಿಮ್ಮ ಪಾಡಿಗೆ ನೀವು ಮುಕ್ತಿ ತಗೊಳ್ಳಿ. ನನ್ನ ಪಾಲಿಂದೂ ತಗೊಳ್ಳಿ."

"ಈ ಸಲ ಕತೆ ಅಲ್ಲ ಕಣೇ, ನಿನ್ನ ದಮ್ಮಯ್ಯ!"

ಅದೂ ಹಳೆಯ ಮಾತೇ. ಆದರೆ ರೇಡಿಯೊದವನ ಮಾತು ನಡುವೆ ನಿಂತಿತ್ತು. ಮತ್ತೆ ಶುರುವಾದಾಗ ಅವನ ಧ್ವನಿ ಬೇರೆಯಾಗಿತ್ತು: ರಥ ಎಡಕ್ಕೆ ಸರಿದಿದೆ, ಹಗ್ಗ ಹಿಡಿದವರು ದಯವಿಟ್ಟು ಎಳೆಯುವುದನ್ನು ನಿಲ್ಲಿಸಬೇಕು, ಭಕ್ತರು ಗಾಬರಿಯಾಗಬಾರದು. ಗಾಬರಿಯಾಗಬಾರದು ಎಂದು ರೇಡಿಯೊ ಹೇಳಿತೆಂದರೆ ಗಾಬರಿಯಾಗಬೇಕಾದದ್ದು ಏನೋ ಇದೆ ಎಂದೇ ಅರ್ಥ. ಹೊರಗೆ ಹುಲಹುಲಿ ನಿಂತುಹೋಗಿತ್ತು. ಅದರ ಜಾಗದಲ್ಲಿ ಬೇರೊಂದು ಕೂಗು ಎದ್ದಿತ್ತು. ನೆಲದ ನಡುಕ ಗೋಡೆಗೆ ಏರಿ, ಗೂಡಿನಲ್ಲಿದ್ದ ಕುಂಕುಮದ ಭರಣಿ ಉರುಳಿ ಬಿತ್ತು.

ರಥಕ್ಕೆ ಚುಕ್ಕಾಣಿ ಇಲ್ಲ. ಸಾವಿರ ಕೈ ಎಳೆದತ್ತ ಹೋಗುತ್ತದೆ. ಅಡ್ಡ ಹೋದರೆ ಗಾಲಿಯ ಕೆಳಗೆ ಮರದ ದಿಮ್ಮಿ ಒಡ್ಡಿ ನಿಲ್ಲಿಸಬೇಕು, ಅದೂ ತಕ್ಷಣ ನಿಲ್ಲುವ ವಸ್ತುವಲ್ಲ. ಬಡಗಿಯ ಹೆಂಡತಿಗೆ ಇದೆಲ್ಲ ಗೊತ್ತು. ರಥಕ್ಕೂ ಮನೆಗಳ ಸಾಲಿಗೂ ನಡುವೆ ಜನ ಸಿಕ್ಕಿಕೊಂಡರೆ ಅವರು ಹೋಗುವುದೆಲ್ಲಿಗೆ? ಅಕ್ಕಪಕ್ಕದ ಮನೆಗಳು ಬೆಳಿಗ್ಗೆಯೇ ತುಂಬಿ ತುಳುಕುತ್ತಿವೆ. ಖಾಲಿ ಇರುವ ಮನೆ ಬೀದಿಯಲ್ಲೆಲ್ಲ ಇದೊಂದೇ. ಅದಕ್ಕೆ ಒಳಗಿನಿಂದ ಚಿಲಕ.

ಇದು ಅವನದೇ ಆಟವಿರಬಹುದೆಂದೂ ಒಂದು ಕ್ಷಣ ಅನ್ನಿಸಿತು. ಅವನೆಂಥ ಕಪಟಿ ಎಂದು ಯಾರಿಗೆ ಗೊತ್ತಿಲ್ಲ? ಗೋಕುಲದಲ್ಲಿ ಬೆಣ್ಣೆ ಕದ್ದವನು. ಹನ್ನೊಂದು ವರ್ಷ ಕಾದು ಈಗ ಮನೆಗೇ ನುಗ್ಗಿ ಕಣ್ಣು ಬಿಡಿಸಲು ಬಂದಿರಬಹುದು. "ಹಟ ಅಂದ್ರೆ ನಂದೂ ಹಟಾನೇ," ಎಂದು ಹಲ್ಲು ಕಚ್ಚಿದಳು.

ಅಷ್ಟರಲ್ಲಿ ಬಾಗಿಲಿನ ಕೆಳಭಾಗದಲ್ಲಿ, ಸೊಂಟದೆತ್ತರಕ್ಕಿಂತಲೂ ಕೆಳಗೆ, ಎರಡು ಸಣ್ಣ ಅಂಗೈಗಳು ದಬದಬ ಬಡಿದವು.

ಸೆಬತಿ ಹೇಗೆ ಎದ್ದಳೋ ಅವಳಿಗೇ ತಿಳಿಯಲಿಲ್ಲ. ಕಣ್ಣಿನ ಬಟ್ಟೆ ಬಿಚ್ಚದೆ, ಗೋಡೆ ತಡವಿಕೊಂಡು, ಮಣೆ ಎಡವಿ, ಬಾಗಿಲಿಗೆ ಬಂದು ಚಿಲಕ ಎಳೆದಳು. ಹೊರಗಿನ ಭಾರಕ್ಕೆ ಅದು ಬಿಗಿದುಕೊಂಡಿತ್ತು. ಕಾಲು ಕೊಟ್ಟು ಎಳೆದಾಗ ಬಾಗಿಲು ಅವಳನ್ನೂ ತಳ್ಳಿಕೊಂಡು ತೆರೆಯಿತು, ಜನ ಮೈಮೇಲೆ ಬಂದು ಬಿದ್ದರು.

"ಒಳಗೆ ಹೋಗಿ! ನಿಲ್ಲಬೇಡಿ, ಹಿತ್ತಿಲಿಗೆ ಹೋಗಿ, ಹಿತ್ತಿಲಿಗೆ!" ಎಂದು ಅವಳು ಗೋಡೆಗೆ ಒತ್ತಿಕೊಂಡು ಕೂಗಿದಳು. ಬೆವರಿನ ಮೈಗಳು ಉಜ್ಜಿಕೊಂಡು ಹೋದವು. ಯಾರೋ ಕಾಲು ತುಳಿದರು. ಯಾರದೋ ಬಳೆ ಚೂರು ತೋಳಿಗೆ ಚುಚ್ಚಿತು. ನಿಶಾಮಣಿ ಏದುಸಿರು ಬಿಡುತ್ತ, "ಈಗ ನಂಬಿದೆಯಾ, ಗಯ್ಯಾಳಿ!" ಎಂದು ಬೈದುಕೊಂಡೇ ದಾಟಿದಳು. ಅಷ್ಟರಲ್ಲಿ ಒಂದು ಪುಟ್ಟ ಕೈ ಸೆಬತಿಯ ಸೀರೆಯನ್ನು ಮುಷ್ಟಿಯಲ್ಲಿ ಹಿಡಿಯಿತು.

"ಬೋವು! ಬೋವು!"

ಸೆಬತಿಯ ಕೈ ತಾನಾಗಿಯೇ ಆ ಮುಷ್ಟಿಯ ಮೇಲೆ ಹೋಯಿತು.

"ನಮ್ಮ ಬೋವು ಹೊರಗೇ ಇದಾಳೆ! ಅವಳನ್ನ ಎಳ್ಕೊಳ್ಳಿ!"

ಹೆಣ್ಣು ಮಗುವಿನ ಧ್ವನಿ. ಆರೋ ಏಳೋ ಇರಬೇಕು.

ಸೆಬತಿ ಒಂದು ಕೈಯಿಂದ ಬಾಗಿಲ ಚೌಕಟ್ಟು ಹಿಡಿದು ಇನ್ನೊಂದನ್ನು ಹೊರಗೆ ಚಾಚಿದಳು. ಯಾರದೋ ತೋಳು ಸಿಕ್ಕಿತು, ಎಳೆದಳು. ಒಬ್ಬ ಗಂಡಸು ಒಳಗೆ ಬಿದ್ದ. ಮತ್ತೆ ಚಾಚಿದಳು. ಮುದುಕಿಯೊಬ್ಬಳ ಒಣ ಮಣಿಕಟ್ಟು. ಅವಳನ್ನೂ ಎಳೆದಳು.

"ಅವಳಲ್ಲ! ಅವಳಲ್ಲ! ಅಲ್ಲಿ, ಕಂಬದ ಹತ್ರ! ಹಸಿರು ಸೀರೆ!"

ಕಣ್ಣು ಕಟ್ಟಿಕೊಂಡವಳಿಗೆ ಹಸಿರೇನು, ಕೆಂಪೇನು? ಜಗಲಿಯ ಮೇಲೆ ನಾಲ್ಕು ಕಂಬ. ಅವಳ ಕೈಗೆ ಸಿಗುತ್ತಿದ್ದದ್ದು ಬರೀ ಬೆನ್ನುಗಳು, ತಲೆಗಳು. ಗಾಲಿ ಕಿರುಗುಟ್ಟುವುದು ಈಗ ಎಷ್ಟು ಹತ್ತಿರವಿತ್ತೆಂದರೆ ಅಚ್ಚಿಗೆ ಬಳಿದ ಎಣ್ಣೆಯ ವಾಸನೆಯೂ ಬರುತ್ತಿತ್ತು. ದೂರದಲ್ಲಿ ಬಂಶೀಧರನ ಧ್ವನಿ, ಗಂಟಲು ಹರಿಯುವ ಹಾಗೆ: "ದಿಮ್ಮಿ ಹಾಕ್ರೋ! ಎಡಗಡೆ! ಎಡಗಡೆ ಹಾಕ್ರೋ!"

"ಬೋವು ಸಿಗ್ಲಿಲ್ವಾ?" ಎಂದು ಹುಡುಗಿ ಕೇಳಿದಳು. ಈಗ ಅವಳು ಅರಚುತ್ತಿರಲಿಲ್ಲ. ಆ ಸಣ್ಣ ಧ್ವನಿಯನ್ನು ಸೆಬತಿಗೆ ತಡೆದುಕೊಳ್ಳಲಾಗಲಿಲ್ಲ.

ಅವಳಿಗೆ ಎಲ್ಲವೂ ಗೊತ್ತಿತ್ತು. ಬಾಗಿಲಿನಾಚೆ ನೋಡಿದರೆ ಅವನನ್ನು ನೋಡದೆ ಇರಲಾಗುವುದಿಲ್ಲ. ನೋಡಿದರೆ ಮುಗಿಯಿತು. ಝುನಿ ಎಲ್ಲೋ ದಾರಿಯಲ್ಲಿದ್ದಾಳೆ, ಬರುತ್ತಾಳೆ, ಎರಡೂ ಕೈಯಿಂದ ಬಡಿಯುತ್ತಾಳೆ, ಒಳಗೆ ಅವ್ವ ಇರುವುದಿಲ್ಲ. "ಝುನಿ, ತಪ್ಪು ತಿಳೀಬೇಡವೇ," ಅಂದಳು ಬಾಯಿಬಿಟ್ಟು. ಕಣ್ಣಿನ ಬಟ್ಟೆಯನ್ನು ಹಣೆಯ ಮೇಲಿಂದ ಕಿತ್ತು ಎಸೆದಳು.

ಬೆಳಕು ಕಣ್ಣಿಗೆ ಕುಕ್ಕಿತು. ಎರಡನೆಯ ಕಂಬದ ಬುಡದಲ್ಲಿ ಹಸಿರು ಸೀರೆ ಕಂಡಿತು. ಹೆಂಗಸು ನಿಂತಿರಲಿಲ್ಲ, ಬಿದ್ದಿದ್ದಳು. ಅವಳ ಮೇಲೆ ಇಬ್ಬರು, ಆಚೆಗೆ ಮೂರು ಮೊಳದಲ್ಲಿ ಆಳೆತ್ತರದ ಗಾಲಿ, ಬಂಶೀಧರನ ಕೈಯ ಗಾಲಿಯೇ, ನಿಧಾನವಾಗಿ ತಿರುಗುತ್ತಿತ್ತು. ಸೆಬತಿ ಜಗಲಿಗೆ ನುಗ್ಗಿದಳು. ಮೇಲಿದ್ದವನ ಅಂಗಿ ಹಿಡಿದೆಳೆದು ಪಕ್ಕಕ್ಕೆ ತಳ್ಳಿದಳು. ಇನ್ನೊಬ್ಬ ತಾನೇ ಉರುಳಿದ. ಹೆಂಗಸಿನ ಎರಡೂ ಕಂಕುಳಿಗೆ ಕೈ ಹಾಕಿ, ಹಿಂದು ಹಿಂದಕ್ಕೆ ಹೆಜ್ಜೆ ಇಟ್ಟು, ಅಕ್ಕಿ ಮೂಟೆ ಎಳೆದ ಹಾಗೆ ಹೊಸಿಲಿನಾಚೆಯಿಂದ ಒಳಕ್ಕೆ ಎಳೆದಳು. ಮತ್ತೆ ಹೊರಗೆ ಹೋದಳು. ಇನ್ನೊಬ್ಬಳು, ಇನ್ನೊಬ್ಬ. ಎಷ್ಟು ಜನರೆಂದು ಯಾರು ಲೆಕ್ಕ ಇಟ್ಟರು? ಕೊನೆಯವನನ್ನು ಎಳೆದುಕೊಳ್ಳುವಾಗ ಗಾಲಿ ಜಗಲಿಯ ಕಲ್ಲಿಗೆ ತಾಗಿ, ಕಲ್ಲು ಪಟ್ಟೆಂದು ಸೀಳಿತು. ಅದೇ ಕ್ಷಣಕ್ಕೆ ಕೆಳಗೆ ದಿಮ್ಮಿ ಸಿಕ್ಕಿಕೊಂಡ ಸದ್ದಾಯಿತು. ರಥ ಒಮ್ಮೆ ತೂಗಿ ನಿಂತಿತು.

ಸೆಬತಿ ಸೀಳಿದ ಕಲ್ಲಿನ ಮೇಲೆ ಕೂತಳು. ಆಮೇಲೆ ತಲೆ ಎತ್ತಿದಳು. ಎತ್ತಬೇಕೆಂದು ಎತ್ತಿದ್ದಲ್ಲ, ಇನ್ನು ತಪ್ಪಿಸಿ ಏನು ಪ್ರಯೋಜನ?

ಕೆಂಪು, ಹಳದಿ ಬಟ್ಟೆಗಳ ನಡುವೆ, ಅವಳ ಮಹಡಿಯ ಎತ್ತರಕ್ಕೆ, ಅವನು ಕೂತಿದ್ದ. ಎರಡು ದುಂಡು ಕಣ್ಣು, ಮೊಂಡು ಕೈಗಳು. ಗುಡಿಯಲ್ಲಿ ನೂರು ಸಲ ನೋಡಿದ್ದ ಮುಖವೇ. ಆದರೆ ಗುಡಿಯಲ್ಲಿ ಇವಳು ಹೋಗಿ ನಿಲ್ಲುತ್ತಿದ್ದಳು. ಇಲ್ಲಿ ಅವನು ಬಂದು ನಿಂತಿದ್ದ. ಆ ಕಣ್ಣುಗಳಿಗೆ ರೆಪ್ಪೆಯಿಲ್ಲ ಎಂಬುದನ್ನು ಎಲ್ಲರೂ ಬಲ್ಲರು, ಸೆಬತಿಯೂ ಬಲ್ಲಳು, ಈವರೆಗೆ ಅದರ ಬಗ್ಗೆ ಯೋಚಿಸಿರಲಿಲ್ಲ ಅಷ್ಟೆ. ಹನ್ನೊಂದು ವರ್ಷ ಇವಳು ಕಣ್ಣು ಮುಚ್ಚಿಕೊಂಡಿದ್ದಳು. ಅವನಿಗೆ ಮುಚ್ಚಲು ಬರುವುದಿಲ್ಲ. ಪ್ರತಿ ವರ್ಷ ಈ ಚಿಲಕ ಹಾಕಿದ ಬಾಗಿಲನ್ನು ನೋಡಿಕೊಂಡೇ ದಾಟಿರಬೇಕು.

ಬಂಶೀಧರ ಜನರನ್ನು ಸೀಳಿಕೊಂಡು ಓಡಿ ಬಂದ. ಮೊಣಕೈ ಸುಲಿದು ರಕ್ತ ಇಳಿಯುತ್ತಿತ್ತು. "ಯಾರೂ ಹೋಗಿಲ್ಲ! ಒಬ್ಬನಿಗೆ ಕಾಲು ಮುರಿದಿದೆ, ಬೇರೆ ಏನೂ ಇಲ್ಲ! ಬಾಗಿಲು ತೆಗೆದಿರಲಿಲ್ಲ ಅಂದಿದ್ರೆ..." ಅನ್ನುತ್ತ ಹತ್ತಿರ ಬಂದವನು ಅವಳ ಬರಿಗಣ್ಣು ನೋಡಿ ಅಲ್ಲೇ ನಿಂತ.

"ನೋಡಿಬಿಟ್ಟೆ," ಅಂದಳು ಸೆಬತಿ.

ಹನ್ನೊಂದು ವರ್ಷ ನೋಡು ನೋಡು ಎಂದು ಕಾಡಿದ ಗಂಡಸು ಈಗ ಅಳತೊಡಗಿದ. ಅವನ ಪಾಲಿನ ಬಾಗಿಲು ಎಂದೋ ಮುಚ್ಚಿತ್ತು. ಚಿಕ್ಕ ವಯಸ್ಸಿನಿಂದ ರಥದ ಜೊತೆಯಲ್ಲೇ ನಡೆದವನು, ಮತ್ತೆ ಹುಟ್ಟುವ ಹಾಗಿಲ್ಲ. ಮಗಳಿಗೆ ಇವಳಾದರೂ ಇರುತ್ತಾಳೆ ಎಂಬ ಆಸೆ ಅವನಿಗೂ ಇತ್ತು ಎಂದು ಸೆಬತಿಗೆ ಅಂದೇ ಗೊತ್ತಾದದ್ದು.

"ಝುನಿ..." ಎಂದು ಕರೆಯಲು ಹೋಗಿ ಅವನು ಅರ್ಧಕ್ಕೇ ನಿಲ್ಲಿಸಿದ.

"ಪೂರ್ತಿ ಕರೀರಿ," ಅಂದಳು ಅವಳು. "ಈ ಜನ್ಮ ಇನ್ನೂ ಮುಗಿದಿಲ್ಲ."

ಒಳಗೆ ಹಸಿರು ಸೀರೆಯವಳು ಗೋಡೆಗೊರಗಿ ಕೂತಿದ್ದಳು. ಹುಡುಗಿ ಅವಳ ಕುತ್ತಿಗೆಗೆ ಜೋತುಬಿದ್ದು ಮುಖ ಹುದುಗಿಸಿಕೊಂಡಿದ್ದಳು. ಸೆಬತಿ ಪಕ್ಕದಲ್ಲಿ ದಾಟಿದಾಗ ಹುಡುಗಿ ತಿರುಗಿಯೂ ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ, ಅವಳ ಬೋವು ಸಿಕ್ಕಿದ್ದಳು. ಸೆಬತಿ ಅಡಿಗೆಮನೆಯಿಂದ ಪೋಡಾ ಪೀಠಾದ ತಟ್ಟೆ ಎತ್ತಿಕೊಂಡಳು. ಕೆಂಡದಲ್ಲಿ ರಾತ್ರಿಯಿಡೀ ಬೆಂದ ಸಿಹಿ, ಝುನಿಗೆ ಪ್ರಾಣ. ಒಂದು ತುಂಡು ಮುರಿದು ಹುಡುಗಿಯ ತಾಯಿಯ ಕೈಗಿಟ್ಟು ಹೊರಗೆ ಬಂದಳು.

ಬಡಗಿಗಳು ಗಾಲಿಗೆ ಸನ್ನೆಗೋಲು ಹಾಕಿ ರಥದ ಮೂತಿ ತಿರುಗಿಸುತ್ತಿದ್ದರು. ಸೆಬತಿ ಸೀಳಿದ ಕಲ್ಲಿನ ಮೇಲೆ ನಿಂತು ತಟ್ಟೆಯನ್ನು ತಲೆಯ ಮೇಲೆ ಎತ್ತಿ ಹಿಡಿದಳು. ಅವಳಿಗೆ ಅಳು ಬಂತು, ಸಿಟ್ಟೂ ಬಂತು. ಅಕ್ಕಪಕ್ಕದಲ್ಲಿ ಯಾರಿದ್ದಾರೆಂದು ನೋಡದೆ ಬೀದಿಗೆಲ್ಲ ಕೇಳುವಂತೆ ಮಾತಾಡಿದಳು.

"ತಗೋ, ತಿನ್ನು. ನಿನ್ನ ಜನಕ್ಕೆ ನಾನು ಬಾಗಿಲು ತೆಗೆದೆ, ನೋಡ್ದೆ ತಾನೆ? ಇನ್ನು ನಾನು ಹುಟ್ಟಲ್ಲ. ಅವಳು ಬಂದ್ರೆ ನಾನಿರಲ್ಲ. ನಿಂಗೂ ಅವಳಿಗೂ ಒಟ್ಟಿಗೇ ಜ್ವರ ಬಂದಿತ್ತು, ಮರೆತಿಲ್ಲ ತಾನೆ? ಅವಳು ಬಂದು ತಟ್ಟಿದ್ರೆ ನೀನೇ ತೆಗೀಬೇಕು ಕಾಳಿಯಾ. ಎರಡೂ ಕೈಲಿ ಬಡೀತಾಳೆ, ಹೆದರಬೇಡ. ಮೊದಲನೇ ತಟ್ಟಿಗೇ ತೆಗಿ. ಕಾಯಿಸಿದ್ರೆ ಅಳ್ತಾಳೆ."

ಮೇಲಿನಿಂದ ಒಬ್ಬ ಸೇವಕ ಬಗ್ಗಿ ತಟ್ಟೆ ತೆಗೆದುಕೊಂಡ. ಹಗ್ಗ ಬಿಗಿಯಿತು, ರಥ ಹೊರಟಿತು. ಅದು ಜನರ ತಲೆಗಳಾಚೆ ಮರೆಯಾಗುವವರೆಗೂ ಸೆಬತಿ ಕಣ್ಣು ತೆರೆದುಕೊಂಡೇ ನಿಂತಿದ್ದಳು. ಆಮೇಲೆ ಒಳಗೆ ಹೋಗಿ ಎಲ್ಲರಿಗೂ ನೀರು ಕೊಟ್ಟಳು. ಬಾಗಿಲಿಗೆ ಚಿಲಕ ಹಾಕಲಿಲ್ಲ.